ಸಕ್ಕರೆ ಕಾಯಿಲೆಯವರ ಕಾಫಿ

ನಮ್ಮ ಮನೆಯಲ್ಲಿ ಕಾಫಿ ಎಂದರೆ ಬೆಲ್ಲದ ಕಾಫಿ. ಲೋಕದಲ್ಲಿ ಬೇರೆ ತರಹದ ಕಾಫಿಗಳೂ ಇರಬಹುದು, ಇದ್ದರೆ ಇದ್ದುಕೊಳ್ಳಲಿ ಎಂಬ ಉದಾರ ನಿಲುವು ನಮ್ಮದಾಗಿತ್ತು. ಊರು ಬೂಕನಕೆರೆಯ ಆಚೆ, ಬಸ್ಸಿಳಿದು ಏರಿಯ ಮೇಲೆ ನಡೆದು ಹೋಗುವ ದಾರಿ. ಕಬ್ಬಿನ ಗದ್ದೆ, ಗದ್ದೆಯ ಮಗ್ಗುಲಲ್ಲೇ ಅಪ್ಪನ ಆಲೆಮನೆ. ಅಪ್ಪನಿಗೆ ತಾನು ತೆಗೆದ ಬೆಲ್ಲದ ಮೇಲೆ ಇದ್ದಷ್ಟು ಅಭಿಮಾನ ತನ್ನ ಮಕ್ಕಳ ಮೇಲೆ ಇರಲಿಲ್ಲ. ಬಣ್ಣ, ಗಟ್ಟಿತನ, ರುಚಿ ಮೂರೂ ಮಕ್ಕಳಲ್ಲಿ ಒಟ್ಟಿಗೆ ಬರುವುದಿಲ್ಲ ಎಂದು ಅವನೇ ಹೇಳುತ್ತಿದ್ದ. ಸಕ್ಕರೆಯ ಬಗ್ಗೆ ಅವನದು ಒಂದೇ ಮಾತು: ಕಬ್ಬಿಗೆ ಹುಟ್ಟಿ, ಫ್ಯಾಕ್ಟರಿ ಸೇರಿ ಕೆಟ್ಟುಹೋದದ್ದು. ಆದರೂ ಪೇಟೆ ಕಡೆಯ ನೆಂಟರು ಬಂದರೆ ಇರಲಿ ಎಂದು ಅವ್ವ ಒಂದು ಡಬ್ಬಿ ಸಕ್ಕರೆಯನ್ನು, ಹಾವಾಡಿಗ ಬುಟ್ಟಿ ಮುಚ್ಚಿಟ್ಟುಕೊಳ್ಳುವ ಹಾಗೆ, ಮುಚ್ಚಳ ಬಿಗಿದು ಇಟ್ಟಿರುತ್ತಿದ್ದಳು.

ಅವ್ವನ ಕಾಫಿಗೆ ಒಂದು ಕ್ರಮವಿತ್ತು. ತಪ್ಪಲೆಯಲ್ಲಿ ನೀರು ಇಟ್ಟು, ಬೆಲ್ಲ ಕುಟ್ಟಿ ಹಾಕಿ, ಅದು ಕರಗಿ ಕುದಿ ಬಂದ ಮೇಲೆ ಕಾಫಿಪುಡಿ ಉದುರಿಸಬೇಕು. ಪುಡಿ ಉಕ್ಕಿ ಮೇಲೇಳುವಾಗ ಕೆಳಗಿಳಿಸಿ, ಕೈಯಲ್ಲಿ ತಣ್ಣೀರು ಚಿಮುಕಿಸಿದರೆ ಗಸಿ ಹೇಳಿದ ಮಾತು ಕೇಳಿ ತಳಕ್ಕೆ ಹೋಗಿ ಕೂರುತ್ತದೆ. ಆಮೇಲೆ ಬಟ್ಟೆಯಲ್ಲಿ ಸೋಸುವುದು. ಆ ಬಟ್ಟೆ ಹಿಂದೆ ಯಾವ ಬಣ್ಣದ್ದಾಗಿತ್ತು ಎಂಬುದಕ್ಕೆ ಸಾಕ್ಷಿ ಹೇಳುವವರು ಯಾರೂ ಉಳಿದಿರಲಿಲ್ಲ. ಹಾಲು ಕಟ್ಟಕಡೆಗೆ, ಒಲೆಯಿಂದ ದೂರ, ಒಂದೊಂದು ಲೋಟಕ್ಕೆ ಒಂದಿಷ್ಟೇ. ಬೆಲ್ಲ ಇದ್ದ ಕಡೆ ಕುದಿಯುವ ಹಾಲಿಗೆ ಆಗಿಬರುವುದಿಲ್ಲ ಎನ್ನುವುದು ಅವ್ವನಿಗೆ ಗೊತ್ತಿತ್ತು. ಅಪ್ಪನಿಗೆ ಗೊತ್ತಿರಲಿಲ್ಲ. ಅಡುಗೆಮನೆಯೊಳಗೆ ಕಾಲಿಟ್ಟವನೇ ಅಲ್ಲ. ಗೊತ್ತಿರಬೇಕಾದ ಪ್ರಮೇಯವೇ ಬಂದಿರಲಿಲ್ಲ.

ತೊಂಬತ್ತರ ದಶಕದ ನಡುವೆ ನಾನು ಪಾಂಡವಪುರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ವಾರವೆಲ್ಲ ಅಲ್ಲೇ ಒಂದು ಬಾಡಿಗೆ ಕೋಣೆ, ಶನಿವಾರ ಸಂಜೆ ಊರಿಗೆ. ಮದುವೆಯ ವಯಸ್ಸು ಬಂದು ಬಾಗಿಲಲ್ಲಿ ನಿಂತು ಕೆಮ್ಮತೊಡಗಿದ್ದರಿಂದ ನನ್ನ ಭಾವ, ಎಂದರೆ ಅಕ್ಕನ ಗಂಡ, ಶ್ರೀರಂಗಪಟ್ಟಣದ ತಮ್ಮ ಬಟ್ಟೆ ಅಂಗಡಿಯ ಬಾಗಿಲು ಹಾಕಿಕೊಂಡು ನನ್ನನ್ನು ನಾಗಮಂಗಲಕ್ಕೆ ಹೆಣ್ಣು ನೋಡಲು ಕರೆದುಕೊಂಡು ಹೋದರು.

ಹುಡುಗಿ ತಟ್ಟೆಯಲ್ಲಿ ಕಾಫಿ ತಂದಳು. ನಾನು ಗಾಬರಿಯಲ್ಲಿ ಲೋಟವನ್ನು ನೇರ ಬಾಯಿಗೆ ಇಟ್ಟು, ನಾಲಿಗೆ ಸುಟ್ಟುಕೊಂಡು, ಏನೂ ಆಗಿಲ್ಲವೆಂಬಂತೆ ಸೂರು ನೋಡುತ್ತ ಕೂತೆ. ಅವಳು ತಲೆ ತಗ್ಗಿಸಿಕೊಂಡೇ, "ಆರಿಸ್ಕೊಂಡು ಕುಡೀರಿ, ಯಾರೂ ಕಿತ್ಕೊಳಲ್ಲ" ಅಂದಳು. ಹೆಣ್ಣು ನೋಡಲು ಹೋದವನಿಗೆ ಹೆಣ್ಣು ಹೀಗೆಲ್ಲ ಹೇಳುವ ಪದ್ಧತಿ ನಮ್ಮ ಕಡೆ ಇಲ್ಲ. ನನಗೆ ಅಲ್ಲಿಗೇ ಮುಗಿಯಿತು. ಸುಟ್ಟ ನಾಲಿಗೆಯಲ್ಲೂ ಆ ಕಾಫಿಯ ಘಮಲು ಗೊತ್ತಾಗುತ್ತಿತ್ತು. ಗಟ್ಟಿ, ಕಹಿ, ಅದರ ಹಿಂದೆಯೇ ಹಾಲಿನ ಸಿಹಿ. ಅವ್ವನ ಕಾಫಿಯ ಮನೆತನಕ್ಕೆ ಸೇರಿದ್ದಲ್ಲ.

ವಾಪಸು ಬರುವ ಬಸ್ಸಿನಲ್ಲಿ ಭಾವ ಕೇಳಿದರು, "ಉಡ್ಗಿ ಒಪ್ಗೆ ಆಯ್ತೇನ್ಲಾ?"

ನಾನು ಕಿಟಕಿಯ ಆಚೆ ನೋಡಿದೆ.

"ಮಾತಾಡ್ದೆ ಇದ್ರೆ ಒಪ್ಗೆ ಅಂತ ತಿಳ್ಕತೀನಿ. ಆದ್ರೆ ಕುಣೀಬ್ಯಾಡ. ಇನ್ನು ಅವ್ರು ಮನೆ ನೋಡಾಕ್ ಬರ್ಬೇಕು. ಉಡ್ಗಿ ಅಪ್ಪ ಸಾಧು, ಅವ್ರುದ್ದೇನೂ ಇಲ್ಲ. ಎಲ್ಲಾ ಸೋದರಮಾವಂದೇ. ಆ ಯಪ್ಪ ಮನೆ ನೋಡಾಕ್ ಬಂದ್ರೆ ಗ್ವಾಡೆ ನೋಡಲ್ಲ, ಕೊಟ್ಟಿಗೆ ನೋಡಲ್ಲ. ಕಾಪಿ ನೋಡ್ತರೆ."

"ಕಾಪೀನಾ?"

"ಊಂ ಕಣಯ್ಯ. ವಯಸ್ನಲ್ಲಿ ಕೊಡಗಿನ ಎಸ್ಟೇಟ್ನಲ್ಲಿ ಲೆಕ್ಕ ಬರ್ಯೋ ರೈಟ್ರಾಗಿದ್ರಂತೆ. ಪಿಲ್ಟ್ರು ಕಾಪಿ ಬುಟ್ರೆ ಇನ್ನೊಂದು ಮುಟ್ಟಲ್ಲ. ನಿನಗಿಂತ ಮೊದ್ಲು ಒಂದೊಳ್ಳೆ ಸಂಬಂಧ ಬಂದಿತ್ತು. ನೀರಾವರಿ, ಟ್ರಾಕ್ಟರು, ಎಲ್ಲಾ ಇತ್ತು. ಈಯಪ್ಪ ಒಂದ್ ಗುಟುಕು ಕುಡ್ದು, ಲೋಟ ಕೆಳಗಿಟ್ಟು, 'ಓಗಿ ಬತ್ತೀವಿ' ಅಂದ್ಬುಟ್ರಂತೆ. ಓದೋರು ಇನ್ನೂ ಬಂದಿಲ್ಲ."

ಮನೆ ನೋಡಲು ಬಂದವರು ಮಾತು ಗಟ್ಟಿಯಾಗುವ ತನಕ ಊಟಕ್ಕೆ ಕೂರುವುದಿಲ್ಲ. ಅದು ನಮ್ಮ ಕಡೆಯ ಶಾಸ್ತ್ರ. ಇಲ್ಲದಿದ್ದರೆ ಅವ್ವನ ಕೈಯ ಮುದ್ದೆ, ಸಾರಿನ ಮುಂದೆ ಎಂಥ ಎಸ್ಟೇಟಿನ ರೈಟರೂ ಸೋಲುತ್ತಿದ್ದರು. ಈಗ ನಮ್ಮ ಮನೆಯ ಮಾನ, ನನ್ನ ಮುಂದಿನ ಬದುಕು, ಎರಡೂ ಒಂದು ಲೋಟ ಕಾಫಿಯಲ್ಲಿ ಬಂದು ನಿಂತವು. ನನಗೆ ಭಯವಾಗಬೇಕಿತ್ತು, ಆದದ್ದು ಮಾತ್ರ ಉತ್ಸಾಹ. ಕಚೇರಿಯಲ್ಲಿ ಕಡತದ ಮೇಲೆ ಕಡತ ಇಡುವುದನ್ನು ಬಿಟ್ಟು ಬೇರೆ ಯಾವ ಮಹತ್ಕಾರ್ಯಕ್ಕೂ ನನ್ನನ್ನು ಯಾರೂ ಅದುವರೆಗೆ ಕರೆದಿರಲಿಲ್ಲ.

ಮರುದಿನವೇ ಕಚೇರಿ ಮುಗಿಸಿ ಶ್ರೀರಂಗಪಟ್ಟಣಕ್ಕೆ ಬಸ್ಸು ಹತ್ತಿದೆ. ಅಕ್ಕ ಮದುವೆಯಾಗಿ ಬಂದ ಮೇಲೆ, ತಾನಿದ್ದ ವಠಾರದ ಪಕ್ಕದ ಮನೆಯವರಿಂದ ಫಿಲ್ಟರ್ ಕಾಫಿ ಕಲಿತಿದ್ದಳು. ಆಗ ಅವಳು ಕಂಕುಳಲ್ಲಿ ಕೂಸು ಹೊತ್ತ ಬಾಣಂತಿ. ಊರಿಗೆ ಬಂದು ಮಾಡಿಕೊಡುವ ಹಾಗಿರಲಿಲ್ಲ. ಕೂಸನ್ನು ನನ್ನ ತೊಡೆಗೆ ಹಾಕಿ, ಹಿತ್ತಾಳೆಯ ಫಿಲ್ಟರನ್ನು ಮುಂದಿಟ್ಟು ಪಾಠ ಶುರು ಮಾಡಿದಳು.

ಎರಡು ಪಾತ್ರೆ, ಒಂದರ ತಲೆಯ ಮೇಲೆ ಒಂದು. ಮೇಲಿನದರ ತಳದಲ್ಲಿ ಸಣ್ಣ ಸಣ್ಣ ತೂತು. ಅದರೊಳಗೆ ಪುಡಿ, ಪುಡಿಯ ಮೇಲೆ ಪುಟ್ಟ ಛತ್ರಿಯಂಥ ಒಂದು ಒತ್ತುಬಟ್ಟಲು, ಅದರ ಮೇಲೆ ನೀರು.

"ನೀರು ಕುದೀತಿರ್ಬೇಕು. ಕುದ್ದು ತಣ್ಗಾಗಿರೋ ನೀರಲ್ಲ. ಪುಡಿ ಒತ್ತು, ಆದ್ರೆ ಅಗೆ ತೀರಿಸ್ಕಳಂಗೆ ಒತ್ಬ್ಯಾಡ. ಆಮೇಲೆ ಅದ್ನ ಅದ್ರ ಪಾಡಿಗೆ ಬುಟ್ಬುಡು. ಮುಚ್ಳ ತೆಗ್ದು ತೆಗ್ದು ನೋಡ್ಬ್ಯಾಡ."

"ನೋಡಿದ್ರೆ ಏನಾಯ್ತದೆ?"

"ಏನೂ ಆಗಲ್ಲ. ನೀನು ತಲೆ ಕೆಟ್ಟೋನಂಗೆ ಕಾಣ್ತೀಯ. ಇನ್ನೊಂದು ಕೇಳು. ಡಿಕಾಸನ್ನ ಒಲೆ ಮ್ಯಾಲಿಟ್ಟು ಕುದಿಸ್ಬ್ಯಾಡ. ಕುದಿಸ್ದೋ, ಅದು ಕಾಪಿ ಅಲ್ಲ, ಕಷಾಯ. ಆ ಯಪ್ಪ ಮೂಸಿ ನೋಡೇ ಎದ್ದೋಯ್ತರೆ."

ನಾನು ಧರ್ಮಶಾಸ್ತ್ರ ಕೇಳುವವನ ಮುಖ ಮಾಡಿಕೊಂಡು ಎಲ್ಲಕ್ಕೂ ತಲೆ ಆಡಿಸಿದೆ. ಕೂಸು ನನ್ನ ಪ್ಯಾಂಟನ್ನು ಒದ್ದೆ ಮಾಡಿತು. ಅಕ್ಕ ಅದನ್ನು ಶುಭಸೂಚನೆ ಎಂದಳು. ಬಾಣಂತಿಯರಿಗೆ ಎಲ್ಲವೂ ಶುಭಸೂಚನೆಯೇ. ಫಿಲ್ಟರನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಚೀಲದಲ್ಲಿಟ್ಟಳು.

ಪೇಟೆ ಬೀದಿಯ ಕಾಫಿಪುಡಿ ಅಂಗಡಿಗೆ ಹೋದೆ. ಮಿಷನ್ನು ಗಡಗಡ ತಿರುಗುತ್ತಿತ್ತು. ಬೀದಿಯ ಆ ಕಡೆಯವರೆಗೂ ಹುರಿದ ಬೀಜದ ವಾಸನೆ. ಅಂಗಡಿಯವರು "ಚಿಕೋರಿ ಎಷ್ಟ್ ಹಾಕ್ಲಿ?" ಅಂದರು. ಇಂಥದೊಂದು ಪ್ರಶ್ನೆ ಇದೆಯೆಂದು ಅಕ್ಕ ಹೇಳಿರಲಿಲ್ಲ. ನಾನು ಗಂಭೀರವಾಗಿ ಯೋಚಿಸುವವನಂತೆ ನಿಂತು, "ಮನೆ ನೋಡಕ್ಕೆ ಬರ್ತಾ ಇದ್ದಾರೆ" ಅಂದೆ. ಅವರು ಇನ್ನೇನೂ ಕೇಳದೆ, ಕನಿಕರದಿಂದ ನೋಡಿ, ತಾವೇ ಒಂದಿಷ್ಟು ಬೆರೆಸಿ ಪೊಟ್ಟಣ ಕಟ್ಟಿಕೊಟ್ಟರು. ಆ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಾಗ ಬೆಚ್ಚಗಿತ್ತು. ಪಕ್ಕದ ಸೀಟಿನವರು ಮೂಗರಳಿಸಿ ನನ್ನ ಕಡೆ ಎರಡು ಸಲ ತಿರುಗಿದರು. ಜೀವನದಲ್ಲಿ ಮೊದಲ ಬಾರಿಗೆ ನಾನು ಜನ ತಿರುಗಿ ನೋಡುವ ಮನುಷ್ಯನಾಗಿದ್ದೆ.

ಅಂದಿನಿಂದ ಪಾಂಡವಪುರದ ನನ್ನ ಕೋಣೆ ಪ್ರಯೋಗಶಾಲೆಯಾಯಿತು. ಮೊದಲ ಸಲ ಪುಡಿಯನ್ನು ಅಕ್ಕ ಹೇಳಿದ್ದಕ್ಕೆ ವಿರುದ್ಧವಾಗಿ ಹಗೆ ತೀರಿಸಿಕೊಳ್ಳುವ ಹಾಗೇ ಒತ್ತಿದೆ. ಒಂದು ತೊಟ್ಟೂ ಇಳಿಯಲಿಲ್ಲ. ಫಿಲ್ಟರಿನ ಕೆನ್ನೆಗೆ ಮೆಲ್ಲಗೆ ತಟ್ಟಿದೆ, ಚಮಚದಲ್ಲಿ ಬಡಿದೆ, ಕಡೆಗೆ ಬೈದೆ. ಎರಡನೆಯ ಸಲ ಒತ್ತಿದ್ದು ಸಾಲದೆ ನೀರು ನಲ್ಲಿ ಬಿಟ್ಟಂತೆ ಸುರಿದುಹೋಗಿ, ಕೆಳಗೆ ಕಾಫಿಯ ಬಣ್ಣದ ಬಿಸಿನೀರು ನಿಂತಿತ್ತು. ಆಮೇಲೆ ಒಂದು ಸಂಜೆ ಕರೆಂಟು ಹೋಗಿ ಕತ್ತಲಲ್ಲಿ ಸುಮ್ಮನೆ ಕೂತಿದ್ದಾಗ ಕೇಳಿಸಿತು. ತೊಟ್. ಒಂದಿಷ್ಟು ಬಿಟ್ಟು ಇನ್ನೊಂದು, ತೊಟ್. ದೀಪ ಹಚ್ಚಿ ನೋಡಿದರೆ ತಳದಲ್ಲಿ ಕಪ್ಪಗೆ, ದಪ್ಪಗೆ, ಅಂಚಿನಲ್ಲಿ ಕೆಂಪು ಹೊಳೆಯುವ ಡಿಕಾಕ್ಷನ್. ಹೊಲದಲ್ಲಿ ಬೋರು ಕೊರೆಸಿ ನೀರು ಕಂಡವರ ಸಂಭ್ರಮವನ್ನು ನಾನು ನೋಡಿದ್ದೇನೆ. ನನ್ನದು ಅದಕ್ಕಿಂತ ಒಂದು ತೂಕ ಹೆಚ್ಚೇ ಇತ್ತು.

ನನ್ನ ಜೊತೆ ಕೋಣೆಯಲ್ಲಿದ್ದ ಹೈಸ್ಕೂಲು ಮೇಷ್ಟ್ರಿಗೆ ಇದಾವುದರಲ್ಲೂ ನಂಬಿಕೆ ಇರಲಿಲ್ಲ. ಅವರದು ದಿಢೀರ್ ಪಂಥ. ಇನ್‌ಸ್ಟಂಟ್ ಪುಡಿ, ಸಕ್ಕರೆ, ನಾಲ್ಕು ಹನಿ ನೀರು ಲೋಟಕ್ಕೆ ಹಾಕಿ, ಅದು ಬೆಳ್ಳಗಾಗಿ ನೊರೆಯಾಗುವ ತನಕ ಚಮಚದಲ್ಲಿ ಟಕಟಕ ಬಡಿಯುವುದು. ಮೇಲಿಂದ ಬಿಸಿ ಹಾಲು ಎತ್ತಿ ಹುಯ್ದರೆ ನೊರೆ ಲೋಟದ ಕಂಠದವರೆಗೂ ಏಳುತ್ತಿತ್ತು. ಬಡಿಯುವಾಗ ಅವರ ಮುಖದಲ್ಲಿ ಹಾಜರಿ ಕೂಗುವಾಗಿನ ಶಿಸ್ತು ಇರುತ್ತಿತ್ತು.

"ನಿಮ್ದು ಇಳಿಯೋ ಹೊತ್ಗೆ ನಂದು ಕುಡ್ದು ಲೋಟ ತೊಳ್ದಿಟ್ಟಿರ್ತೀನಿ ಸಾರ್" ಎಂದು ಕಿಚಾಯಿಸುವರು.

"ಬೇಗ ಆಗೋದೆಲ್ಲ ಒಳ್ಳೇದಾಗಿದ್ರೆ ಜ್ವರಾನೂ ಒಳ್ಳೇದೇ ಮೇಷ್ಟ್ರೆ."

"ಜ್ವರ ಬಂದೋರಿಗೆ ನಿಮ್ಮ ಕಾಫಿ ಕೊಡಿ ಸಾರ್. ಕಾದೂ ಕಾದೂ ಬಿಟ್ಟೇಹೋಗುತ್ತೆ."

ಆದರೆ ನನ್ನ ಡಿಕಾಕ್ಷನ್ನು ಸರಿಯಾಗಿ ಇಳಿದ ದಿನ ಮೇಷ್ಟ್ರು ಒಂದು ಲೋಟ ಕುಡಿದು, ಚಮಚವನ್ನು ಗೂಟಕ್ಕೆ ನೇತುಹಾಕಿದರು.

ಊರಿಗೆ ಹೋಗುವಾಗ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲೂ ಬೇಹುಗಾರಿಕೆ ಮಾಡಿದೆ. ಅಲ್ಲಿ ಕಾಫಿ ಹಾಕುವವರದು ಬಟ್ಟೆಚೀಲದ ವಿಧಾನ: ಸ್ವೆಟರಿನ ತೋಳು ಕತ್ತರಿಸಿದಂತಿದ್ದ ಚೀಲದಲ್ಲಿ ಪುಡಿ ತುಂಬಿ, ಕುದಿನೀರನ್ನು ಹುಯ್ದು, ಇಳಿದದ್ದನ್ನೇ ಎತ್ತಿ ಮತ್ತೆ ಹುಯ್ಯುವುದು. ರುಚಿ ನೋಡಿ, ಮನೆಯಲ್ಲಿ ಮಾಡುವ ಬಗೆ ಕೇಳಿದ್ದಕ್ಕೆ ಅವರು, "ಮನೇಲ್ ಮಾಡಾಕ್ ಓಗ್ಬೇಡಿ ಸಾರ್, ನಾವೂ ಬದುಕ್ಬೇಕು" ಎಂದು ವಿಷಯವನ್ನು ಅಲ್ಲಿಗೇ ಮುಗಿಸಿದರು.

ಹೀಗೆ ನಾನು ಜ್ಞಾನದ ಬೆನ್ನು ಹತ್ತಿದ್ದಾಗ ಊರಿನಲ್ಲಿ ಬೇರೊಂದು ಬೆಳವಣಿಗೆ ಆಗಿತ್ತು. ಇದು ನನಗೆ ತಿಳಿದದ್ದು ಆಮೇಲೆ. ಭಾವ ಮನೆ ನೋಡುವ ದಿನ ಗೊತ್ತು ಮಾಡಲು ಊರಿಗೆ ಹೋಗಿ, ಎಲ್ಲ ಮಾತಾಡಿ, ವಾಪಸು ಬಸ್ಸು ಹತ್ತಿ, ಮೆಟ್ಟಿಲ ಮೇಲೆ ನಿಂತು ಅಪ್ಪನಿಗೆ ಕೂಗಿ ಹೇಳಿದ್ದರು: "ಮಾವ, ಆ ಸೋದರಮಾವಂಗೆ ಸಕ್ರೆ ಕಾಯ್ಲೆ ಐತಂತೆ. ನೋಡ್ಕಂಡು ಕಾಪಿ ಕೊಡಿ." ಬಸ್ಸು ಹೊರಟಿತು. ಅಪ್ಪ ಏರಿಯ ಮೇಲೆ ನಡೆದುಬರುತ್ತ ಈ ಸುದ್ದಿಯನ್ನು ತಿರುವಿ ಹಾಕಿ ನೋಡಿದ. ಮನೆ ಸೇರುವ ಹೊತ್ತಿಗೆ ಅದು ಅವನಿಗೆ ಸಂಪೂರ್ಣವಾಗಿ ಅರ್ಥವಾಗಿತ್ತು.

"ಕಂಡ್ಯೇನೆ" ಎಂದನಂತೆ ಅವ್ವನಿಗೆ. "ಸಕ್ರೆ ಕಾಯ್ಲೆ ಅಂದ್ರೆ ಸಕ್ರೆ ತಿಂದು ಬಂದಿರೋ ಕಾಯ್ಲೆ. ಫ್ಯಾಕ್ಟ್ರೀಲಿ ಅದೇನೇನ್ ಸುರೀತಾರೋ. ಬೆಲ್ಲ ತಿಂದಿದ್ರೆ ಬತ್ತಿತ್ತಾ? ನಮ್ಮಪ್ಪ ಜಲ್ಮೆಲ್ಲಾ ಬೆಲ್ಲ ತಿಂದ. ಏನಾಯ್ತು?"

"ಸತ್ರು" ಅಂದಳು ಅವ್ವ.

"ಅದು ಬುಡು, ವಯಸ್ಸಾಗಿತ್ತು."

ಹೀಗೆ ತೀರ್ಮಾನವಾಗಿ, ಸಕ್ಕರೆ ಡಬ್ಬಿ ಅಟ್ಟಕ್ಕೆ ಹೋಯಿತು. ನನಗೆ ಇದನ್ನು ತಿಳಿಸಬಾರದೆಂದು ಅಪ್ಪ ಅವ್ವನಿಗೆ ಹೇಳಿದ್ದ. ಪಾಂಡವಪುರದಲ್ಲಿದ್ದುಕೊಂಡು ಪೇಟೆಯ ಬುದ್ಧಿ ಬಂದಿದೆ, ಸುಮ್ಮನೆ ವಾದ ಮಾಡುತ್ತಾನೆ ಎಂಬುದು ಅವನು ಕೊಟ್ಟ ಕಾರಣ.

ಮನೆ ನೋಡಲು ಗೊತ್ತಾಗಿದ್ದ ಭಾನುವಾರ ನಾನು ಕೋಳಿ ಕೂಗುವ ಮುಂಚೆ ಎದ್ದೆ. ನೀರು ಕುದಿಸಿ, ಪುಡಿಯನ್ನು ಮಗುವಿನ ತಲೆ ಸವರುವ ಹಾಗೆ ಒತ್ತಿ, ಡಿಕಾಕ್ಷನ್ ಇಳಿಯಲು ಬಿಟ್ಟೆ. ಅವ್ವನಿಗೆ ಮೊದಲೇ ಹೇಳಿದ್ದರಿಂದ ಎಮ್ಮೆ ಹಾಲಿನಲ್ಲಿ ಒಂದು ಪಾತ್ರೆ ಮನೆಗೆ ಉಳಿಸಿ, ಮಿಕ್ಕದ್ದನ್ನು ಮಾತ್ರ ಡೈರಿಗೆ ಹಾಕಿದ್ದಳು. ನಮ್ಮ ಊರಿನಲ್ಲಿ ಬೆಳಗಿನ ಹಾಲೆಲ್ಲ ಡೈರಿಗೆ ಹೋಗುತ್ತದೆ. ಹೊತ್ತೇರಿದ ಮೇಲೆ ಯಾವ ಮನೆಯ ಬಾಗಿಲು ತಟ್ಟಿದರೂ ಮಜ್ಜಿಗೆ ಸಿಕ್ಕೀತು, ಹಾಲು ಸಿಗದು. ಹಾಗಾಗಿ ಆ ಪಾತ್ರೆಯ ಮೇಲೆ ನಾನು ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಕಲ್ಲು ಹೇರಿದ್ದೆ. ಬೆಕ್ಕಿನ ಮೇಲೆ ಅನುಮಾನವಿತ್ತು. ಅಪ್ಪನ ಮೇಲೆ ಇರಲಿಲ್ಲ.

ಜೀಪು ಬಂತು. ಇಳಿದವರು ಭಾವ, ಹುಡುಗಿಯ ಅಪ್ಪ, ಆಮೇಲೆ ನಿಧಾನವಾಗಿ ಸೋದರಮಾವ. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಪಂಚೆ, ಪರೀಕ್ಷೆಗೆ ಬಂದ ಇನ್ಸ್‌ಪೆಕ್ಟರರ ಮುಖ. ಅಪ್ಪ ಸಡಗರದಲ್ಲಿ, "ಬನ್ನಿ ಬನ್ನಿ ಬೀಗ್ರೆ" ಅಂದುಬಿಟ್ಟ. ಬೀಗರು ಎಂದು ಕರೆಯುವುದು ಸಂಬಂಧ ಗಟ್ಟಿಯಾದ ಮೇಲೆ. ಸೋದರಮಾವ ಅಂಗಳದಲ್ಲೇ ನಿಂತು, ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, "ನಮಸ್ಕಾರ ಯಜಮಾನ್ರೆ" ಎಂದರು. ಆ 'ಯಜಮಾನ್ರೆ' ಅನ್ನುವುದರಲ್ಲಿ ಜೀಪು ಇನ್ನೂ ತಿರುಗಿಸಿಕೊಂಡು ಹೋಗಬಲ್ಲದು ಎಂಬ ಅರ್ಥ ಸ್ಪಷ್ಟವಾಗಿ ಇತ್ತು.

ಜಗುಲಿಯ ಮೇಲೆ ಚಾಪೆ ಹಾಸಿ ಕೂರಿಸಿದೆವು. ಅವ್ವ ಕೋಡುಬಳೆ ಕಳಿಸಿದಳು. ಮಾವ ಕೋಡುಬಳೆ ಮುರಿದು, ಮುರಿದ ಸದ್ದು ಕೇಳಿ, ಬಾಯಿಗೆ ಹಾಕಿಕೊಂಡರು. ಹುಡುಗಿಯ ಅಪ್ಪ ಮಾತಿನ ಕೆಲಸವನ್ನೆಲ್ಲ ಭಾವಮೈದನಿಗೆ ವಹಿಸಿ ಎತ್ತುಗಳನ್ನು ನೋಡುತ್ತ ಕೂತಿದ್ದರು.

"ಕಾಪಿ ಯಾರ್ ಮಾಡ್ತಾರಪ್ಪ ಮನೇಲಿ?" ಎಂದರು ಮಾವ, ನನ್ನ ಕಡೆ ತಿರುಗಿ.

"ಇವತ್ತು ಡಿಕಾಕ್ಷನ್ ನಾನೇ ಇಳಿಸಿದೀನಿ."

"ಗಂಡಸು ಒಲೆ ತಾವ್ಕೆ ಓಯ್ತೀಯಾ?"

"ಕಾಫಿಗೆ ಮಾತ್ರ."

ಅವರು "ಊಂ" ಎಂದರು. ಅದು ಒಪ್ಪಿಗೆಯ ಊಂ ಎಂದು ನನಗೆ ಅನ್ನಿಸಿ ಎದೆ ಕುಣಿಯತೊಡಗಿತು. ಅಷ್ಟರಲ್ಲಿ ನೋಡುತ್ತೇನೆ, ಪಕ್ಕದಲ್ಲಿದ್ದ ಅಪ್ಪ ಇಲ್ಲ. ಇನ್ನೊಂದು ಗಳಿಗೆಗೆ ಒಳಗಿನಿಂದ ಅವ್ವನ ದನಿ ಬಂತು: "ನಿಮ್ ಕೈಗಿಷ್ಟು ಬೆಂಕಿ ಆಕ."

ನಾನು ಕಾಫಿ ತರುವ ನೆಪ ಹೇಳಿ ಎದ್ದು ಒಳಗೆ ಹೋದೆ. ಜನ್ಮದಲ್ಲಿ ಮೊದಲ ಸಲ ಅಡುಗೆಮನೆಯಲ್ಲಿ ನಿಂತಿದ್ದ ಅಪ್ಪನ ಕೈಯಲ್ಲಿ ಅರ್ಧ ಅಚ್ಚು ಬೆಲ್ಲ. ಮಿಕ್ಕ ಅರ್ಧ ಒಲೆಯ ಮೇಲೆ ಉಕ್ಕುತ್ತಿದ್ದ ಹಾಲಿನೊಳಗೆ. ಕೋಡುಬಳೆ ಕರಿಯಲು ಅವ್ವ ಆ ಕಡೆ ತಿರುಗಿದ್ದಾಗ, ಬರುವ ಬೀಗರಿಗೆ ತನ್ನ ಬೆಲ್ಲದ ರುಚಿ ಒಂದಿಷ್ಟು ಧಾರಾಳವಾಗಿಯೇ ಗೊತ್ತಾಗಲಿ ಎಂದು ಹಾಕಿದ್ದ. ಹಾಲು ಒಡೆದು, ಗೆಡ್ಡೆ ಗೆಡ್ಡೆಯಾಗಿ, ಹಳದಿ ನೀರಿನಲ್ಲಿ ತೇಲುತ್ತಿತ್ತು.

"ಕದಡೇ, ಸರಿ ಓಯ್ತದೆ" ಎನ್ನುತ್ತಿದ್ದ ಅಪ್ಪ.

"ಇನ್ನೇನ್ ಕದಡ್ಲಿ. ಗಿಣ್ಣಾಗಿ ಕುಂತದೆ."

"ಅಂಗಾದ್ರೆ ಗಿಣ್ಣು ಅಂತಾನೇ ಕೊಟ್ಬುಡು. ಎಮ್ಮೆ ಕರ ಆಕೈತೆ ಅನ್ನಾನ."

"ಆ ಎಮ್ಮೆ ಕರ ಎದ್ರುಗೇ ಕಟ್ಟಾಕೈತೆ, ಅದ್ಕೆ ಕೊಂಬು ಬಂದದೆ. ಕಣ್ಣಿಲ್ವಾ ಅವ್ರಿಗೆ?"

ನಾನು ಕೇಳಿದೆ, "ಬೆಲ್ಲ ಯಾಕಪ್ಪ ಹಾಕ್ದೆ?"

"ಅವ್ರಿಗೆ ಸಕ್ರೆ ಕಾಯ್ಲೆ ಕಣ್ಲಾ. ಸಕ್ರೆ ಕೊಡಂಗಿಲ್ಲ."

"ಸಕ್ಕರೆ ಕಾಯಿಲೆ ಇರೋರು ಬೆಲ್ಲಾನೂ ತಿನ್ನಂಗಿಲ್ಲ ಅಪ್ಪ. ಎರಡೂ ಒಂದೇ."

ಅಪ್ಪ ನನ್ನನ್ನು ಬಹಳ ಬೇಸರದಿಂದ ನೋಡಿದ. "ಒಂದೇ ಆಗಿದ್ರೆ ಬೆಲ್ಲದ್ ಕಾಯ್ಲೆ ಅಂತಾನೂ ಅನ್ನೋರು. ಯಾರಾದ್ರೂ ಅಂದವ್ರಾ?"

ಅಪ್ಪ ತಪ್ಪಿಗೆ ಪರಿಹಾರವೆಂಬಂತೆ ಚೊಂಬು ಹಿಡಿದು ಹಿತ್ತಿಲ ಬಾಗಿಲಿನಿಂದ ಎಮ್ಮೆಯ ಹತ್ತಿರ ಹೋದ. ಹೊತ್ತಲ್ಲದ ಹೊತ್ತಿನಲ್ಲಿ ಬಂದವನನ್ನು ಎಮ್ಮೆ ಹೇಗೆ ಬರಮಾಡಿಕೊಳ್ಳಬೇಕೋ ಹಾಗೇ ಬರಮಾಡಿಕೊಂಡಿತು. ಅಪ್ಪ ಖಾಲಿ ಚೊಂಬು, ಉಜ್ಜಿಕೊಳ್ಳುವ ಮೊಣಕಾಲು, ಇಷ್ಟರೊಂದಿಗೆ ಹಿಂದಿರುಗಿದ.

ಅವ್ವ ಆಗಲೇ ತನ್ನ ತಪ್ಪಲೆ ಇಟ್ಟಿದ್ದಳು. ನೀರು, ಬೆಲ್ಲ, ಜಜ್ಜಿದ ಒಂದು ಚೂರು ಶುಂಠಿ. "ಕೊಡ್ಲಾ ಇಲ್ಲಿ" ಎಂದು ನನ್ನ ಫಿಲ್ಟರನ್ನು ಕಿತ್ತುಕೊಂಡು, ಕೋಳಿ ಕೂಗುವ ಮುಂಚಿನಿಂದ ಹನಿಹನಿಯಾಗಿ ಇಳಿದಿದ್ದ ಡಿಕಾಕ್ಷನ್ನನ್ನು ಕುದಿಯುವ ಬೆಲ್ಲದ ನೀರಿಗೆ ಸುರಿದಳು. ಸುರಿದದ್ದಲ್ಲದೆ ಒಂದು ಕುದಿ ಬರಿಸಿದಳು. ಮಾವನಿಗೆ ಒಂದು ಲೋಟ ಸಪ್ಪೆಯದು ತೆಗೆದಿಡು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಎಲ್ಲವೂ ಒಂದೇ ತಪ್ಪಲೆ ಸೇರಿತ್ತು. ಅಕ್ಕನ ಶಾಸ್ತ್ರದ ಅತಿ ದೊಡ್ಡ ನಿಷೇಧ ಕಣ್ಣೆದುರಿಗೇ ಮುರಿದು ಬಿದ್ದದ್ದನ್ನು ನೋಡುತ್ತ ನಿಂತೆ. ವಾಸನೆ ಮಾತ್ರ, ಸುಳ್ಳೇಕೆ ಹೇಳಲಿ, ಬೇರೆಯೇ ಆಗಿತ್ತು. ಆಲೆಮನೆಯ ಕೊಪ್ಪರಿಗೆಯೂ ಕಾಫಿಪುಡಿ ಅಂಗಡಿಯ ಮಿಷನ್ನೂ ಒಂದೇ ಒಲೆಯ ಮೇಲೆ ಕೂತಂಥ ವಾಸನೆ.

ತಟ್ಟೆ ಹಿಡಿದು ಜಗುಲಿಗೆ ಬಂದೆ. ಕಪ್ಪು ಕಾಫಿ ಕಂಡು ಭಾವನ ಮುಖವೂ ಅದೇ ಬಣ್ಣಕ್ಕೆ ತಿರುಗಿತು. ಮಾವ ಲೋಟ ಎತ್ತಿಕೊಂಡರು, ಒಳಗೆ ಇಣುಕಿದರು, ಮೂಸಿದರು. ನಾನು ಹೇಳಲೇಬೇಕಿತ್ತು. ಸಂಬಂಧ ಹೋದರೆ ಹೋಗಲಿ, ಕಾಯಿಲೆಯವರಿಗೆ ಕದ್ದು ಬೆಲ್ಲ ಕುಡಿಸಿದ ಅಳಿಯ ಆಗುವುದು ಬೇಡ ಅನ್ನಿಸಿತು.

"ಅದರಲ್ಲಿ ಬೆಲ್ಲ ಇದೆ, ನೀವು ಕುಡಿಯೋ ಹಾಗಿಲ್ಲ" ಎಂದೆ.

ಅವರು ಆಗಲೇ ಒಂದು ಗುಟುಕು ಕುಡಿದಾಗಿತ್ತು. ಲೋಟ ಕೆಳಗಿಡುತ್ತಾರೆಂದು ನಾನೂ ಭಾವನೂ ನೆಲ ನೋಡಿದೆವು. ಲೋಟ ಕೆಳಗೆ ಬರಲಿಲ್ಲ. ಅವರು ಕಣ್ಣು ಮುಚ್ಚಿಕೊಂಡಿದ್ದರು.

"ಸಕ್ರೆ ಅದಾ ಇದ್ರಲ್ಲಿ?" ಎಂದರು, ಕಣ್ಣು ಮುಚ್ಚಿಕೊಂಡೇ.

ಮೊಣಕಾಲು ಹಿಡಿದುಕೊಂಡು ಬಂದ ಅಪ್ಪ ಬಾಗಿಲಲ್ಲೇ ನಿಂತು ಉತ್ತರ ಕೊಟ್ಟ. "ಒಂದ್ ಕಾಳೂ ಇಲ್ಲ. ನಿಮ್ಗೆ ಸಕ್ರೆ ಕಾಯ್ಲೆ ಅಂತ ಗೊತ್ತಾದ್ ದಿವ್ಸವೇ ಡಬ್ಬ ಅಟ್ಟಕ್ಕಾಕಿವ್ನಿ. ಬರೀ ನಮ್ಮ ಆಲೆಮನೆ ಬೆಲ್ಲ."

"ಬೆಲ್ಲವೂ ಆಗಬಾರದು" ಎಂದೆ ನಾನು ಇನ್ನೊಮ್ಮೆ. ಭಾವ ನನ್ನ ಕಾಲು ತುಳಿದರು.

"ತಾಳಪ್ಪ" ಎಂದರು ಮಾವ, ನನ್ನನ್ನು ಕೈಯಲ್ಲೇ ತಡೆದು. "ಡಾಕ್ಟ್ರು ನಂಗೆ ಏನಂದವ್ರೆ? ಸಕ್ರೆ ಮುಟ್ಬ್ಯಾಡ ಅಂದವ್ರೆ. ಬೆಲ್ಲ ಅನ್ನೋ ಮಾತು ಅವ್ರ ಬಾಯಲ್ಲಿ ಬಂದಿಲ್ಲ. ನಾನಾಗಿ ಕೇಳೂ ಇಲ್ಲ." ಎರಡನೆಯ ಗುಟುಕು ಕುಡಿದರು. "ಮನೇಲಿ ಎಂಗಸ್ರೆಲ್ಲಾ ಸೇರ್ಕಂಡು ಸಪ್ಪೆ ಕಾಪಿ ಕೊಟ್ಟು ಕೊಟ್ಟು, ಕಾಪಿ ಮ್ಯಾಲಿದ್ದ ಆಸೇನೇ ಓಗ್ಬುಟ್ಟಿತ್ತು ಕಣಪ್ಪ. ಅದುಕ್ಕೇ ಎಲ್ಲಿ ಕುಡುದ್ರೂ ಸಿಟ್ಟು ಬರೋದು."

ಲೋಟ ಬರಿದಾಯಿತು. ಅದರ ತಳವನ್ನು ಒಂದು ಸಲ ನೋಡಿ, ಪಂಚೆ ಸರಿಮಾಡಿಕೊಂಡು, ಅಪ್ಪನ ಕಡೆ ತಿರುಗಿದರು.

"ಬೀಗ್ರೆ" ಎಂದರು. "ಇನ್ನೊಂದರ್ಧ ಲೋಟ ಬುಡಿಸಿ."

ಅದುವರೆಗೆ ಎತ್ತು ನೋಡುತ್ತಿದ್ದ ಹುಡುಗಿಯ ಅಪ್ಪ ಬಾಯಿ ತೆರೆದರು. "ಅಂಗಾದ್ರೆ ಮಾತು ಆಯ್ತಲ್ಲ, ಊಟಕ್ಕೆ ಏನ್ ಮಾಡವ್ರೆ ಕೇಳಿ" ಎಂದರು. ಆ ದಿನ ಅವರು ಆಡಿದ ಮಾತು ಅದೊಂದೇ. ಒಳಗೆ ಅವ್ವ ಎಸರಿಡುವ ಸದ್ದು ಅದಕ್ಕೂ ಮುಂಚೆಯೇ ಶುರುವಾಗಿತ್ತು. ನಾನು ಮನೆಯ ಹಿಂದೆ ಹೋಗಿ, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಎಮ್ಮೆಯ ಎದುರು ಒಂದು ಹೆಜ್ಜೆ ಕುಣಿದೆ. ಎಮ್ಮೆ ಅಪ್ಪನಿಗೆ ತೋರಿಸಿದ ಅಭಿಪ್ರಾಯವನ್ನು ನನಗೂ ತೋರಿಸಲು ಕಾಲೆತ್ತಿತು.

ಮದುವೆಯಾಯಿತು. ಹೊಸದರಲ್ಲಿ ಒಂದು ಸಂಜೆ ಹೆಂಡತಿಯನ್ನು ನಗಿಸಬೇಕೆಂದು ಈ ಕತೆಯನ್ನೆಲ್ಲ ರಂಗುರಂಗಾಗಿ ಹೇಳಿದೆ. ಅವಳು ನಗಲಿಲ್ಲ.

"ಎಷ್ಟ್ ಲೋಟ ಕುಡುದ್ರು?"

"ಒಂದೂವರೆ. ಊಟ ಆದ ಮೇಲೆ ಇನ್ನೊಂದು."

"ಅದಕ್ಕೇ ಆ ವಾರ ಡಾಕ್ಟ್ರು ಬೈದಿದ್ದು. ನಾವೆಲ್ಲ ಸೇರಿ, ಸಿಹಿ ಕೊಟ್ಟಿರ್ಬೇಕು ಅಂತ ಮಾವನ ಹೆಂಡ್ತಿ ಮೇಲೆ ಅನುಮಾನ ಪಟ್ವಿ. ಪಾಪ, ಅತ್ತೆ ಅತ್ತೇಬಿಟ್ಟಿದ್ರು ರೀ."

ನಾನು ಎದ್ದು ಹೋಗಿ ಬೆಲ್ಲದ ಡಬ್ಬಿಯ ಮುಚ್ಚಳ ಬಿಗಿದೆ.

ಯುಗಾದಿಗೆ ಅವಳೂ ನಾನೂ ಊರಲ್ಲಿದ್ದಾಗ ಅವಳ ಸೋದರಮಾವ ಬಂದರು. ಮುಖದಲ್ಲಿ ಇನ್ಸ್‌ಪೆಕ್ಟರರ ಕಳೆ ಇರಲಿಲ್ಲ. ರಜಕ್ಕೆ ಬಂದ ಹುಡುಗನ ಕಳೆ ಇತ್ತು. ಜಗುಲಿಯ ಅದೇ ಜಾಗದಲ್ಲಿ ಅಪ್ಪನ ಪಕ್ಕ ಕೂತು, ಈ ಸಲದ ಬೆಲ್ಲ ಹೇಗೆ ಬಿತ್ತು ಎಂದು ವಿಚಾರಿಸಿದರು. ಅಪ್ಪ ಒಳ್ಳೆಯ ಅಚ್ಚೊಂದನ್ನು ತರಿಸಿ ತೋರಿಸಿದ. ಇಬ್ಬರೂ ಅದನ್ನು ತಿರುಗಿಸಿ ತಿರುಗಿಸಿ ಮೆಚ್ಚಿಕೊಂಡರು. ಅಷ್ಟರಲ್ಲಿ ಒಳಗಿನಿಂದ ಅವಳು ಎರಡು ಲೋಟ ತಂದಳು. ಅಕ್ಕನ ಫಿಲ್ಟರಿನ ಡಿಕಾಕ್ಷನ್, ಎಮ್ಮೆ ಹಾಲು, ಮೇಲೆ ತೆಳ್ಳಗೆ ನೊರೆ. ನೋಡಲು ಬಹಳ ಚೆನ್ನಾಗಿತ್ತು.

ಮಾವ ಒಂದು ಗುಟುಕು ಕುಡಿದರು. ಮುಖ ಇಳಿಯಿತು.

"ಈ ಮನೆಗೆ ನಿನ್ನ ಯಾಕ್ ಕೊಟ್ಟೆ ಅಂತ ಗೊತ್ತೇನವ್ವ ನಿಂಗೆ?" ಎಂದರು.

"ಈಗ ಗೊತ್ತಾಯ್ತು ಮಾವ. ಕುಡೀರಿ."

"ಒಂದ್ ಚೂರು, ಉಗುರಷ್ಟು..."

"ಡಾಕ್ಟ್ರನ್ನ ನಾನೇ ಕೇಳ್ಕೊಂಡು ಬಂದಿದೀನಿ. ಬೆಲ್ಲ ಅನ್ನೋ ಮಾತು ಅವ್ರ ಬಾಯಲ್ಲೇ ಹೇಳಿಸ್ದೆ." ಮುಂದೆ ಇದ್ದ ಬೆಲ್ಲದ ಅಚ್ಚನ್ನು ಎತ್ತಿಕೊಂಡು ಅವಳು ಒಳಗೆ ಹೋದಳು.

ಮಾವ ನನ್ನ ಕಡೆ ನೋಡಿದರು. ನಾನು ಎತ್ತುಗಳ ಕಡೆ ನೋಡಿದೆ. ಆ ಮನೆಯ ಗಂಡಸರಿಗೆ ಅದು ಕೆಲಸಕ್ಕೆ ಬರುತ್ತದೆಂದು ಹೆಂಡತಿಯ ಅಪ್ಪನಿಂದ ಕಲಿತಿದ್ದೆ. ಕಡೆಗೆ ಅವರು ಸಪ್ಪೆ ಕಾಫಿಯನ್ನು ತಳದ ತನಕ ಕುಡಿದರು. ಪಕ್ಕದಲ್ಲಿ ಅಪ್ಪನೂ ತನ್ನ ಲೋಟದ ಸಪ್ಪೆ ಕಾಫಿಯನ್ನು ಕುಡಿಯುತ್ತಿದ್ದ. ಅವನಿಗೆ ಯಾವ ಕಾಯಿಲೆಯೂ ಇರಲಿಲ್ಲ. ಸೊಸೆಯನ್ನು ಕೇಳುವ ಧೈರ್ಯವೂ ಇರಲಿಲ್ಲ.